ಬಳ್ಳಾರಿ ಸೀಮೆಯಲ್ಲಿ ಗೋದಾಮು ಕಟ್ಟುವ ಮುನ್ನ: ಕಟ್ಟಡ ಪರವಾನಿಗೆ ಮತ್ತು ವ್ಯಾಪಾರ ಲೈಸೆನ್ಸಿನ ವಿಚಾರ

(ಸಂಘದ ಕಾರ್ಯದರ್ಶಿಯವರಿಂದ)

ಬಳ್ಳಾರಿ ಕಡೆ ನಮ್ಮ ಸಂಘದ್ದೊಂದು ಗೋದಾಮು ಮತ್ತು ಕಾಫಿಪುಡಿ, ಅಡಿಕೆಯ ಮಾರಾಟ ಮಳಿಗೆ ಆಗಬೇಕೆಂಬ ಮಾತು ಸದಸ್ಯರಲ್ಲಿ ಎರಡು ವರ್ಷಗಳಿಂದ ನಡೆದಿದೆ. ಆ ಸೀಮೆ ನಮಗೆ ಹೊಸದಲ್ಲ. ಸಿರುಗುಪ್ಪದ ಸೋನಾ ಮಸೂರಿ ಅಕ್ಕಿ ನಮ್ಮ ಲೈನುಮನೆಗಳ ಒಲೆಯ ಮೇಲೆ ಬೇಯುತ್ತದೆ. ಕಾಫಿ ಕೊಯ್ಲಿಗೆ ಆ ಕಡೆಯಿಂದ ಆಳುಗಳು ಬರುತ್ತಾರೆ. ಕೆಲವರು ಹೆಣ್ಣು ಕೊಟ್ಟು ತಂದ ಸಂಬಂಧವೂ ಇದೆ. ಅಕ್ಕಿ ತಂದ ಲಾರಿ ಬರಿದೇ ಹಿಂದಿರುಗುವ ಬದಲು ನಮ್ಮ ಮಾಲು ಹೊತ್ತು ಹೋಗಲಿ ಎಂಬ ಲೆಕ್ಕಾಚಾರದಲ್ಲಿ ತಪ್ಪೇನಿಲ್ಲ.

ಆಡಳಿತ ಮಂಡಳಿಯ ಸೂಚನೆಯಂತೆ ನಾನು ಮತ್ತು ಇಬ್ಬರು ನಿರ್ದೇಶಕರು ಹೋಗಿ ಮೂರು ಜಾಗ ನೋಡಿ ಬಂದೆವು. ಒಂದು ಬಳ್ಳಾರಿ ನಗರದೊಳಗಿನ ಬಡಾವಣೆಯ ನಿವೇಶನ, 40 ಅಡಿಗೆ 60 ಅಡಿ. ಎರಡನೆಯದು ಸಿರುಗುಪ್ಪದ ಹೊರಗೆ ಹೆದ್ದಾರಿಗೆ ಹೊಂದಿದ ಗದ್ದೆ, ಒಂದು ಎಕರೆ. ಮೂರನೆಯದು ಕುರುಗೋಡಿನ ಹಳೆಯ ಮನೆ, ಹಿಂದೆ ಅಗಲವಾದ ಹಿತ್ತಲು. ಬೆಲೆಯಲ್ಲಿ ನಗರದ ನಿವೇಶನವೇ ದುಬಾರಿ, ಸಿರುಗುಪ್ಪದ ಗದ್ದೆಯೇ ಅಗ್ಗ. ಈ ಸುದ್ದಿ ಹೊರಬಿದ್ದ ಕೂಡಲೇ ಅನೇಕ ಸದಸ್ಯರು ಕಚೇರಿಗೆ ಬಂದು, ಅಗ್ಗದ್ದನ್ನು ಬೇಗ ಹಿಡಿದುಹಾಕಿ, ಮಳೆಗಾಲ ಕಳೆಯುವುದರೊಳಗೆ ಕಟ್ಟಡ ಎಬ್ಬಿಸೋಣ ಎಂದು ಒತ್ತಾಯಿಸುತ್ತಿದ್ದಾರೆ. ಒಬ್ಬ ಹಿರಿಯರಂತೂ, "ಜಾಗ ನಮ್ಮದು, ದುಡ್ಡು ನಮ್ಮದು, ಇನ್ನು ಯಾರನ್ನು ಕೇಳುವುದಿದೆ ಸ್ವಾಮಿ?" ಎಂದು ನೇರವಾಗಿಯೇ ಕೇಳಿದರು. ಅವರ ಪ್ರಶ್ನೆಗೆ ಉತ್ತರವಾಗಿ ಈ ಲೇಖನ.

ಅವರು ಹಾಗೆ ಕೇಳುವುದಕ್ಕೆ ಕಾರಣವಿದೆ. ನಾವೆಲ್ಲ ತೋಟದಲ್ಲಿ ಕಣ ಮಾಡಿದ್ದೇವೆ, ಪಲ್ಪರ್ ಮನೆ ಕಟ್ಟಿದ್ದೇವೆ, ಅಡಿಕೆ ಬೇಯಿಸುವ ಒಲೆಗೆ ಮಾಡು ಹಾಕಿದ್ದೇವೆ, ಗೊಬ್ಬರದ ಕೊಟ್ಟಿಗೆ ಎಬ್ಬಿಸಿದ್ದೇವೆ. ಭೂಪರಿವರ್ತನೆ ಮಾಡಿಸಿಕೊಂಡು ಬಾ ಎಂದು ಯಾರೂ ಹೇಳಲಿಲ್ಲ. ಅದು ಅಧಿಕಾರಿಗಳ ಔದಾರ್ಯದಿಂದಲ್ಲ. 1964ರ ಕರ್ನಾಟಕ ಭೂಕಂದಾಯ ಕಾಯಿದೆಯ 95ನೆಯ ಕಲಮಿನಲ್ಲೇ ಬೇಸಾಯಗಾರನು ತನ್ನ ಸಾಗುವಳಿ ಭೂಮಿಯಲ್ಲಿ ಬಾವಿ, ಕೆರೆ, ಬೇಸಾಯಕ್ಕೆ ಬೇಕಾದ ಕಟ್ಟಡಗಳನ್ನು ಮಾಡಿಕೊಳ್ಳಬಹುದೆಂದು ಹೇಳಿದೆ. ಅಂಥ ಕಟ್ಟಡವು ಹಿಡುವಳಿಯ ಶೇ. 10ಕ್ಕೆ ಮೀರಬಾರದೆಂಬ ಮಿತಿಯೂ ಅದರಲ್ಲೇ ಇದೆ. ಅದೇ ಕಲಮಿನ ಮುಂದಿನ ಭಾಗವು, ಕೃಷಿ ಭೂಮಿಯನ್ನು ಬೇರೆ ಉದ್ದೇಶಕ್ಕೆ ತಿರುಗಿಸಬೇಕಾದರೆ ಜಿಲ್ಲಾಧಿಕಾರಿಗಳ ಅನುಮತಿ ಬೇಕೆನ್ನುತ್ತದೆ. ನಮ್ಮ ಅಭ್ಯಾಸ ಮೊದಲ ಭಾಗದ್ದು. ನಾವೀಗ ಕೈಹಾಕುವ ಕೆಲಸ ಎರಡನೆಯ ಭಾಗದ್ದು. ತಾನು ಬೆಳೆದ ಅಡಿಕೆಯನ್ನು ತನ್ನ ತೋಟದಲ್ಲಿ ಒಣಗಿಸುವುದು ಬೇಸಾಯ. ನೂರಾರು ಸದಸ್ಯರ ಅಡಿಕೆಯನ್ನು ಸಿರುಗುಪ್ಪದಲ್ಲಿ ದಾಸ್ತಾನು ಮಾಡಿ ಮಾರುವುದು ವ್ಯಾಪಾರ.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕು. ಹೊಸ ಸದಸ್ಯರಿಗೆ ಇದು ಗೊತ್ತಿರಲಾರದು, ಹಳಬರು ಮರೆತಿರಲಾರರು. ಸುಮಾರು ಹನ್ನೆರಡು ವರ್ಷಗಳ ಹಿಂದೆ ಬಯಲುಸೀಮೆಯ ಒಂದು ಊರಿನಲ್ಲಿ ಸಂಘವು ಶೆಡ್ಡು ಸಹಿತ ಒಂದು ಜಾಗ ಕೊಂಡಿತು. ಪತ್ರಗಳನ್ನು ನೋಡಿ ಒಪ್ಪಿದವನು ನಾನೇ. ತೆರಿಗೆ ಕಟ್ಟಿದ ರಸೀದಿ ಹತ್ತು ವರ್ಷದ್ದಿತ್ತು, ವಿದ್ಯುತ್ ಮೀಟರೂ ಇತ್ತು, ಇನ್ನೇನು ಬೇಕೆಂದುಕೊಂಡೆ. ಶೆಡ್ಡನ್ನು ದೊಡ್ಡದು ಮಾಡಲು ಬ್ಯಾಂಕಿಗೆ ಸಾಲದ ಅರ್ಜಿ ಕೊಟ್ಟಾಗ ಅವರ ವಕೀಲರು ಕೇಳಿದ ಮೊದಲ ಕಾಗದವೇ ಭೂಪರಿವರ್ತನೆಯ ಆದೇಶ. ಅದು ಇರಲೇ ಇಲ್ಲ. ಪಹಣಿಯಲ್ಲಿ ಜಾಗ ಇನ್ನೂ ಜೋಳದ ಹೊಲವಾಗಿಯೇ ಇತ್ತು. ಮೀಟರು ಹಿಂದಿನ ಮಾಲೀಕನು ಪಂಪ್‌ಸೆಟ್ಟಿಗೆಂದು ಪಡೆದದ್ದು. ಸಾಲ ಸಿಗಲಿಲ್ಲ, ಶೆಡ್ಡು ಬೆಳೆಯಲಿಲ್ಲ. ಆ ವರ್ಷದ ಮಾಲನ್ನು ಬಾಡಿಗೆ ಗೋದಾಮಿನಲ್ಲಿಟ್ಟು, ಅಲ್ಲಿ ಒಂದಿಷ್ಟು ಅಡಿಕೆಗೆ ಬೂಷ್ಟು ಹಿಡಿಯಿತು. ಕೊನೆಗೆ ಕೊಂಡದ್ದಕ್ಕಿಂತ ಕಡಿಮೆಗೆ ಮಾರಿ ಕೈತೊಳೆದುಕೊಂಡೆವು. ಸದಸ್ಯರ ಷೇರು ಹಣ ಹಾಗೆ ಹೋದದ್ದನ್ನು ಮಹಾಸಭೆಯಲ್ಲಿ ಓದಿ ಹೇಳಿದವನೂ ನಾನೇ. ಆದ್ದರಿಂದ ಈ ಬಾರಿ ನಿಧಾನಿಸುತ್ತಿದ್ದೇನೆಂದು ಯಾರೂ ಬೇಸರಿಸಬಾರದು.

ಯಾವ ಜಾಗಕ್ಕೆ ಯಾರ ಅಧಿಕಾರ

ಮೊದಲು ತಿಳಿಯಬೇಕಾದದ್ದು, ಮೂರು ಜಾಗಗಳೂ ಒಂದೇ ಜಿಲ್ಲೆಯಲ್ಲಿದ್ದರೂ ಅವುಗಳ ಮೇಲೆ ಅಧಿಕಾರವುಳ್ಳ ಕಚೇರಿ ಬೇರೆ ಬೇರೆ ಎಂಬುದು. ವಿಜಯನಗರ ಜಿಲ್ಲೆ 2021ರಲ್ಲಿ ಬೇರೆಯಾದ ಮೇಲೆ ಬಳ್ಳಾರಿ ಜಿಲ್ಲೆಗೆ ಉಳಿದಿರುವುದು ಬಳ್ಳಾರಿ, ಸಿರುಗುಪ್ಪ, ಕುರುಗೋಡು, ಕಂಪ್ಲಿ, ಸಂಡೂರು ಎಂಬ ಐದು ತಾಲ್ಲೂಕುಗಳು. ಕುರುಗೋಡು ತಾಲ್ಲೂಕಾಗಿ ಕೆಲಸ ಆರಂಭಿಸಿದ್ದು 2018ರಲ್ಲಿ. ಆದಕಾರಣ ಅಲ್ಲಿನ ಹಳೆಯ ಭೂದಾಖಲೆಗಳಲ್ಲಿ "ಬಳ್ಳಾರಿ ತಾಲ್ಲೂಕು" ಎಂದೇ ಇದ್ದರೆ ಗಾಬರಿಯಾಗಬೇಕಿಲ್ಲ.

ಬಳ್ಳಾರಿ ನಗರದಲ್ಲಿ ಮಹಾನಗರ ಪಾಲಿಕೆ ಇದೆ. ಅಲ್ಲಿ ನಡೆಯುವುದು 1976ರ ಕರ್ನಾಟಕ ಪೌರನಿಗಮಗಳ ಕಾಯಿದೆ. ಕಟ್ಟಡಕ್ಕೆ 299ನೆಯ ಕಲಮಿನಂತೆ ಆಯುಕ್ತರಿಗೆ ಅರ್ಜಿ ಹಾಕಬೇಕು. ಸಿರುಗುಪ್ಪದಲ್ಲಿ ನಗರಸಭೆ, ಕುರುಗೋಡಿನಲ್ಲಿ ಪುರಸಭೆ; ಇವೆರಡಕ್ಕೂ 1964ರ ಕರ್ನಾಟಕ ಪುರಸಭೆಗಳ ಕಾಯಿದೆ ಅನ್ವಯಿಸುತ್ತದೆ, ಕಟ್ಟಡದ ವಿಷಯ 187ನೆಯ ಕಲಮಿನಲ್ಲಿದೆ. ಸಿರುಗುಪ್ಪದಲ್ಲಿ ಪೌರಾಯುಕ್ತರು, ಕುರುಗೋಡಿನಲ್ಲಿ ಮುಖ್ಯಾಧಿಕಾರಿ ಎಂದು ಹೆಸರು ಬೇರೆ, ಕೆಲಸ ಒಂದೇ. ಜಾಗವು ಊರಿನ ಗಡಿಯಿಂದಾಚೆ ಹಳ್ಳಿಯಲ್ಲಿದ್ದರೆ ಗ್ರಾಮ ಪಂಚಾಯಿತಿಯ ಲಿಖಿತ ಅನುಮತಿ ಬೇಕು; ಅದು 1993ರ ಪಂಚಾಯತ್ ರಾಜ್ ಕಾಯಿದೆಯ 64ನೆಯ ಕಲಮು. "ಹಳ್ಳಿಯಲ್ಲವೇ, ಯಾರು ಕೇಳುತ್ತಾರೆ" ಎನ್ನುವ ಮಾತು ಕಾಯಿದೆಯಲ್ಲಿ ಎಲ್ಲಿಯೂ ಇಲ್ಲ.

ಇದರ ಮೇಲೆ ಇನ್ನೊಂದು ಅಧಿಕಾರವುಂಟು, ಯೋಜನೆಯದು. ಪಾಲಿಕೆಯು ಗೋಡೆಯನ್ನು ನೋಡಿದರೆ ಯೋಜನಾ ಪ್ರಾಧಿಕಾರವು ನೆಲವನ್ನು ನೋಡುತ್ತದೆ. ಬಳ್ಳಾರಿಗೆ ನಗರಾಭಿವೃದ್ಧಿ ಪ್ರಾಧಿಕಾರವಿದೆ. ನಗರ ಮತ್ತು ಸುತ್ತಲ ಪ್ರದೇಶಕ್ಕೆ ಮಹಾಯೋಜನೆ ಮಾಡಿ, ಇಷ್ಟು ಭಾಗ ವಾಸಕ್ಕೆ, ಇಷ್ಟು ವಾಣಿಜ್ಯಕ್ಕೆ, ಇಷ್ಟು ಕೈಗಾರಿಕೆಗೆ, ಇಷ್ಟು ಉದ್ಯಾನಕ್ಕೆ ಎಂದು ಬಣ್ಣ ಹಚ್ಚಿಟ್ಟಿದೆ. ನಾವು ಬೀಜ ಹಾಕುವ ಮೊದಲು ನೆರಳು ನೋಡುವಂತೆ, ಕಟ್ಟುವವನು ಮೊದಲು ಈ ಬಣ್ಣವನ್ನು ನೋಡಬೇಕು.

ನಗರದ ನಿವೇಶನ

ಈಗ ಬಳ್ಳಾರಿಯ ನಿವೇಶನದ ವಿಚಾರ. ಕಾಗದಗಳೆಲ್ಲ ಅಚ್ಚುಕಟ್ಟಾಗಿವೆ. ಬಡಾವಣೆಗೆ ಪ್ರಾಧಿಕಾರದ ಅನುಮೋದನೆ ಇದೆ, ಖಾತೆ ಇದೆ, ಋಣಭಾರ ಪತ್ರದಲ್ಲಿ ಸಾಲವೇನೂ ಕಾಣುವುದಿಲ್ಲ. ಇಷ್ಟು ನೋಡಿದ ನಮ್ಮ ನಿರ್ದೇಶಕರೊಬ್ಬರು, ಇದೇ ಸರಿ ಎಂದು ಅಲ್ಲೇ ಮುಂಗಡ ಕೊಡಲು ಹೊರಟಿದ್ದರು. ಆದರೆ ಆ ನಿವೇಶನ ಇರುವುದು ವಾಸದ ವಲಯದಲ್ಲಿ. ವಾಸದ ವಲಯದಲ್ಲಿ ಮನೆ ಕಟ್ಟಬಹುದು, ನಿಯಮಕ್ಕೊಳಪಟ್ಟು ಸಣ್ಣದೊಂದು ಅಂಗಡಿಗೂ ಅವಕಾಶ ಇರಬಹುದು. ಲಾರಿ ಬಂದು ನೂರಾರು ಮೂಟೆ ಇಳಿಸುವ ಗೋದಾಮಿಗೆ ಇರುವುದಿಲ್ಲ. ಭೂಬಳಕೆ ಬದಲಾವಣೆಗೆ ಪ್ರಾಧಿಕಾರಕ್ಕೆ ಅರ್ಜಿ ಹಾಕುವ ದಾರಿಯುಂಟು; 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯ 14ಎ ಕಲಮು ಅದಕ್ಕಾಗಿಯೇ ಇದೆ. ಅದಕ್ಕೆ ಶುಲ್ಕವಿದೆ, ಸಾರ್ವಜನಿಕ ಪ್ರಕಟಣೆಯಿದೆ, ಅಕ್ಕಪಕ್ಕದವರ ಆಕ್ಷೇಪಣೆಗೆ ಅವಕಾಶವಿದೆ. ಬೀದಿಯಲ್ಲಿ ಲಾರಿ ನಿಲ್ಲುವುದನ್ನು ಯಾವ ನೆರೆಯವನು ಬಯಸುತ್ತಾನೆ? ನಾನಾದರೂ ಆಕ್ಷೇಪಿಸುತ್ತಿದ್ದೆ.

ಪ್ರಾಧಿಕಾರವೇ ಹಂಚಿದ ನಿವೇಶನವಾದರೆ ಮತ್ತೊಂದನ್ನು ನೋಡಬೇಕು. ಅಂಥವು ಸಾಮಾನ್ಯವಾಗಿ ಮೊದಲು ಗುತ್ತಿಗೆ-ಸಹಿತ-ಮಾರಾಟದ ಕರಾರಿನ ಮೇಲೆ ಹೋಗಿರುತ್ತವೆ. ಅವಧಿ ಮುಗಿದು, ಷರತ್ತು ಪೂರೈಸಿ, ಹಂಚಿಕೆದಾರನ ಹೆಸರಿಗೆ ಪೂರ್ಣ ಕ್ರಯಪತ್ರವಾಗಿದ್ದರೆ ಮಾತ್ರ ಅವನು ನಮಗೆ ಮಾರಬಲ್ಲ.

ಕೋಟೆಯ ಆಸುಪಾಸಿನ ಜಾಗಗಳ ಬಗ್ಗೆಯೂ ಒಂದು ಮಾತು. ಬಳ್ಳಾರಿ ಗುಡ್ಡದ ಕೋಟೆ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. 1958ರ ಪ್ರಾಚೀನ ಸ್ಮಾರಕಗಳ ಕಾಯಿದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ, ಇಂಥ ಸ್ಮಾರಕದ ಗಡಿಯಿಂದ 100 ಮೀಟರಿನೊಳಗೆ ಹೊಸ ಕಟ್ಟಡ ನಿಷಿದ್ಧ; ಅದರಾಚೆ ಇನ್ನೂ 200 ಮೀಟರು ಪ್ರತ್ಯೇಕ ಅನುಮತಿಯಿಲ್ಲದೆ ಕಟ್ಟುವಂತಿಲ್ಲ. ಇದಕ್ಕೆ ಪಾಲಿಕೆಯ ಲೈಸೆನ್ಸು ಪರಿಹಾರವಲ್ಲ. ಕುರುಗೋಡಿನಲ್ಲೂ ಹಳೆಯ ದೇಗುಲಗಳು ಹತ್ತಾರಿವೆ. ಅಲ್ಲಿ ಜಾಗ ನೋಡುವವರು ಹತ್ತಿರದ ಗುಡಿ ಯಾವ ಇಲಾಖೆಯ ಪಟ್ಟಿಯಲ್ಲಿದೆ ಎಂದು ಮೊದಲೇ ವಿಚಾರಿಸುವುದು ಲೇಸು.

ಅಗ್ಗದ ಗದ್ದೆ

ಸಿರುಗುಪ್ಪದ ಜಾಗವೇ ಸದಸ್ಯರ ಮನಸ್ಸನ್ನು ಸೆಳೆದಿರುವುದು, ಆದ್ದರಿಂದ ಇದನ್ನು ಸ್ವಲ್ಪ ವಿಸ್ತರಿಸಿ ಹೇಳುತ್ತೇನೆ. ಒಂದು ಎಕರೆ, ತುಂಗಭದ್ರಾ ಕಾಲುವೆಯ ನೀರಿನ ಎರೆಭೂಮಿ, ಎದುರಿಗೇ ಜೇವರ್ಗಿಯಿಂದ ಚಾಮರಾಜನಗರಕ್ಕೆ ಹೋಗುವ 150ಎ ರಾಷ್ಟ್ರೀಯ ಹೆದ್ದಾರಿ. ಅಕ್ಕಿ ಗಿರಣಿಗಳು ಕಣ್ಣಳತೆಯಲ್ಲಿವೆ. ಲಾರಿಯವನಿಗೆ ಇದಕ್ಕಿಂತ ಅನುಕೂಲ ಬೇರಿಲ್ಲ.

ಆದರೆ ಅದು ಇನ್ನೂ ಗದ್ದೆ. ಹಿಂದೆ ಬೇಸಾಯಗಾರರಲ್ಲದವರು ಕೃಷಿ ಭೂಮಿ ಕೊಳ್ಳಲು ಭೂಸುಧಾರಣಾ ಕಾಯಿದೆಯ 79ಎ, 79ಬಿ ಕಲಮುಗಳು ಅಡ್ಡಿಯಾಗಿದ್ದವು. 2020ರ ತಿದ್ದುಪಡಿಯಲ್ಲಿ ಅವನ್ನು ತೆಗೆದುಹಾಕಿದರು. ಇದರಿಂದ ಕೊಳ್ಳುವ ಬಾಗಿಲು ತೆರೆಯಿತೇ ಹೊರತು ಕಟ್ಟುವ ಬಾಗಿಲು ತೆರೆಯಲಿಲ್ಲ. ಈ ಎರಡನ್ನೂ ಒಂದೇ ಎಂದು ತಿಳಿದವರು ಬಹಳ ಮಂದಿ. ಕೊಂಡ ಮೇಲೂ ಅದು ಪಹಣಿಯಲ್ಲಿ ಗದ್ದೆಯೇ. ಪರಿವರ್ತನೆಯಾಗದೆ ನಗರಸಭೆಯಲ್ಲಿ ಅದಕ್ಕೆ ಸರಿಯಾದ ಖಾತೆಯಿಲ್ಲ, ಖಾತೆಯಿಲ್ಲದೆ ನಕ್ಷೆಯಿಲ್ಲ.

ಅದಕ್ಕೂ ಮೊದಲಿನ ಪ್ರಶ್ನೆ, ಈ ಭೂಮಿ ಮಾರುವವನಿಗೆ ಬಂದದ್ದು ಹೇಗೆ ಎಂಬುದು. ಪಿತ್ರಾರ್ಜಿತವೇ, ಕ್ರಯವೇ, ಸರ್ಕಾರದ ಮಂಜೂರಾತಿಯೇ? ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಭೂಮಿಯಾದರೆ 1978ರ ಕಾಯಿದೆ (ನಾವೆಲ್ಲ ಪಿ.ಟಿ.ಸಿ.ಎಲ್. ಎಂದು ಕರೆಯುವುದು) ಬರುತ್ತದೆ. ಸರ್ಕಾರದ ಪೂರ್ವಾನುಮತಿಯಿಲ್ಲದೆ ಆದ ಪರಭಾರೆ ಅಸಿಂಧು. ಮೊದಲ ಮಾರಾಟವಾಗಿ ಮೂರು ಕೈ ದಾಟಿ ಬಂದಿದ್ದರೂ ಬಿಡುಗಡೆಯಿಲ್ಲ. ಎಷ್ಟೋ ವರ್ಷ ಕಳೆಯಿತೆಂಬ ವಾದಕ್ಕೂ 2023ರ ತಿದ್ದುಪಡಿಯ ಮೇಲೆ ಎಡೆಯಿಲ್ಲ. ಭೂಮಿ ಮೂಲ ಮಂಜೂರುದಾರನ ಮನೆಯವರಿಗೆ ಮರಳುತ್ತದೆ. ಬಡವನ ಭೂಮಿ ಹಣವಂತನ ಪಾಲಾಗದಿರಲೆಂದು ಮಾಡಿದ ಕಾನೂನು ಇದು, ನನ್ನ ದೃಷ್ಟಿಯಲ್ಲಿ ಆಗಬೇಕಾದದ್ದೇ. ಕೊಳ್ಳುವವನು ಮಾತ್ರ ಎಚ್ಚರವಾಗಿರಬೇಕು. ಇದಕ್ಕಾಗಿ ಈಗಿನ ಪಹಣಿಯೊಂದನ್ನೇ ನೋಡಿದರೆ ಸಾಲದು. ಮ್ಯುಟೇಷನ್ ವಹಿ ಮತ್ತು ಹಳೆಯ ಕೈಬರಹದ ಪಹಣಿಗಳನ್ನು ತಾಲ್ಲೂಕು ಕಚೇರಿಯಿಂದ ತೆಗೆಸಿ ಮೂಲದವರೆಗೆ ಓದಬೇಕು.

ಇನ್ನು ಹೆದ್ದಾರಿ. ರಸ್ತೆಗೆ ತಾಗಿದ ಜಾಗವೆಂದು ನಾವು ಹೆಚ್ಚು ಬೆಲೆ ಕೊಡುತ್ತೇವೆ, ಆದರೆ ರಸ್ತೆಗೆ ತಾಗಿ ಕಟ್ಟುವಂತಿಲ್ಲ. ಊರಿನ ಹೊರಗೆ ಹೆದ್ದಾರಿಯ ನಡುಗೆರೆಯಿಂದ ಸಾಮಾನ್ಯವಾಗಿ 40 ಮೀಟರಿನವರೆಗೆ ಕಟ್ಟಡ ಏಳಬಾರದೆಂಬುದು ನಿಯಮ. ಲೆಕ್ಕ ಹಾಕಿ ನೋಡಿ. ರಸ್ತೆಯ ಸರಹದ್ದು ನಡುವಿನಿಂದ 15 ಮೀಟರಿಗೆ ಮುಗಿಯುವುದಾದರೆ, ನಮ್ಮ ಸ್ವಂತ ನೆಲದಲ್ಲಿ ಇನ್ನೂ 25 ಮೀಟರು, ಎಂದರೆ 82 ಅಡಿ, ಖಾಲಿ ಬಿಡಬೇಕು. 200 ಅಡಿ ಆಳದ ಜಾಗದಲ್ಲಿ ಉಳಿಯುವುದು 118 ಅಡಿ. ಹಿಂದುಗಡೆ ಕಾಲುವೆಯ ಸರಹದ್ದಿದ್ದರೆ ಆ ಕಡೆಯಿಂದಲೂ ಬಿಡಬೇಕು. ಒಂದು ಎಕರೆಯ ಬೆಲೆ ಕೊಟ್ಟು ಅರ್ಧ ಎಕರೆಯಲ್ಲಿ ಕಟ್ಟಿದಂತಾಗುತ್ತದೆ. ಜೊತೆಗೆ ಹೆದ್ದಾರಿಯಿಂದ ಲಾರಿ ಒಳಗೆ ತಿರುಗುವ ದಾರಿಗೂ ಹೆದ್ದಾರಿ ಇಲಾಖೆಯ ಅನುಮತಿ ಬೇಕು. ಆಗ ಅಗ್ಗದ ಗದ್ದೆ ಎಷ್ಟು ಅಗ್ಗ?

ಕಾನೂನಿನ ಮಾತಲ್ಲದಿದ್ದರೂ ಮಣ್ಣಿನ ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ನಮ್ಮ ಕಡೆ ಎರಡು ಮೂರು ಅಡಿ ತೆಗೆದರೆ ಗಟ್ಟಿ ಕೆಮ್ಮಣ್ಣೋ ಜಂಬಿಟ್ಟಿಗೆಯೋ ಸಿಗುತ್ತದೆ. ಕಲ್ಲು ಕೂರಿಸಿ ಗೋಡೆ ಎಬ್ಬಿಸಿದರೆ ಅಜ್ಜನ ಕಾಲದಿಂದ ನಿಂತಿದೆ. ಸಿರುಗುಪ್ಪದ ಎರೆಮಣ್ಣು ಹಾಗಲ್ಲ. ನೀರು ಕುಡಿದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ಅದರ ಮೇಲೆ ನಮ್ಮೂರಿನ ಮೇಸ್ತ್ರಿಯ ಪಾಯ ಹಾಕಿದರೆ ಮೂರನೆಯ ವರ್ಷಕ್ಕೆ ಗೋಡೆ ಸೀಳುತ್ತದೆ, ನೆಲದ ಹಾಸು ಏಳುತ್ತದೆ. ಅಡಿಕೆ ಮೂಟೆಯ ಭಾರ ಹೊರುವ ನೆಲ ಅದು. ಮಣ್ಣು ಪರೀಕ್ಷೆ ಮಾಡಿಸಿ, ಎರೆಮಣ್ಣಿಗೆ ತಕ್ಕ ಪಾಯವನ್ನು ಅಲ್ಲಿನ ಎಂಜಿನಿಯರಿಂದಲೇ ಹಾಕಿಸಬೇಕು. ಕೆಳಗೆ ಅಗಲವಾಗುವ ಕಂಬಪಾಯವೋ, ಮಣ್ಣು ತೆಗೆದು ಮೊರಂ ತುಂಬುವುದೋ, ಅದು ಅವರು ಹೇಳಬೇಕಾದದ್ದು. ಇದರ ಖರ್ಚನ್ನು ಜಾಗದ ಬೆಲೆಗೇ ಸೇರಿಸಿ ಲೆಕ್ಕ ಹಿಡಿಯಿರಿ. 2009ರ ಅಕ್ಟೋಬರ್ ಮೊದಲಲ್ಲಿ ಉತ್ತರ ಕರ್ನಾಟಕಕ್ಕೆ ಬಂದ ನೆರೆಯನ್ನು ನೆನೆಸಿಕೊಂಡು, ಹೊಳೆ ಹಳ್ಳದ ಮಗ್ಗುಲಿನ ಜಾಗಗಳಲ್ಲಿ ಆಗ ನೀರು ಎಲ್ಲಿಯವರೆಗೆ ಬಂದಿತ್ತೆಂದು ಅಕ್ಕಪಕ್ಕದ ಹಿರಿಯರನ್ನು ಕೇಳುವುದು ಕೂಡ ಒಳ್ಳೆಯದು.

ಕುರುಗೋಡಿನ ಮನೆ

ಕುರುಗೋಡಿನದು ಗ್ರಾಮಠಾಣದೊಳಗಿನ ಹಳೆಯ ಮನೆ. ಇಂಥ ಜಾಗಕ್ಕೆ ಭೂಪರಿವರ್ತನೆಯ ತೊಡಕಿಲ್ಲ. ಆದರೆ ಇಲ್ಲಿಯ ತೊಂದರೆ ಮನೆತನದ್ದು. ಖಾತೆ ಈಗಿಲ್ಲದ ತಾತನ ಹೆಸರಿನಲ್ಲಿ. ಮಕ್ಕಳು ನಾಲ್ವರು, ಇಬ್ಬರು ಅಲ್ಲಿಲ್ಲ. ಪೌತಿಖಾತೆಯಾಗಿ, ಹೆಣ್ಣುಮಕ್ಕಳೂ ಸೇರಿ ಹಕ್ಕುಳ್ಳವರೆಲ್ಲ ಸಹಿ ಹಾಕದೆ ಕ್ರಯಕ್ಕೆ ಹೋಗಬಾರದು. ಊರು ಪಂಚಾಯಿತಿಯಾಗಿದ್ದಾಗಿನ ದಾಖಲೆಗಳು ಪುರಸಭೆಯ ಖಾತೆಗೆ ಸರಿಯಾಗಿ ಇಳಿದಿವೆಯೇ, ಅಳತೆ ಹೊಂದುತ್ತದೆಯೇ ಎಂಬುದನ್ನೂ ನೋಡಬೇಕು. ಪಂಚಾಯಿತಿಯಲ್ಲಿ ನಮೂನೆ 9 ಮತ್ತು 11 ಎನ್ನುವುದು ಪುರಸಭೆಯಲ್ಲಿ ನಮೂನೆ 3 ಆಗುತ್ತದೆ. 2024ರ ಅಕ್ಟೋಬರಿನಿಂದ ನಗರ ಸ್ಥಳೀಯ ಸಂಸ್ಥೆಗಳ ಆಸ್ತಿ ನೋಂದಣಿಗೆ ಇ-ಖಾತೆಯನ್ನು ಕಡ್ಡಾಯ ಮಾಡಿರುವುದರಿಂದ, ಹಳೆಯ ಕೈಬರಹದ ಖಾತೆ ನಕಲನ್ನು ಹಿಡಿದು ಉಪನೋಂದಣಿ ಕಚೇರಿಗೆ ಹೋದರೆ ಕೆಲಸವಾಗದು.

ಹಳೆಯ ಮನೆಯಾದ್ದರಿಂದ "ರಿಪೇರಿ" ಎಂದು ಹೇಳಿ ಕೆಡವಿ ಕಟ್ಟಿಬಿಡೋಣವೆಂಬ ಸಲಹೆಯೂ ಬಂತು. ಸುಣ್ಣ ಬಣ್ಣ, ಹೆಂಚು ತಿರುವುವುದು ರಿಪೇರಿ. ಗೋಡೆ ಕೆಡವಿ ಮೇಲೆತ್ತಿದರೆ ಅದು ಹೊಸ ಕಟ್ಟಡವೇ. ಅದಕ್ಕೆ ಪರವಾನಿಗೆ ಬೇಕು.

ಖಾತೆಯ ಮಾತು ಬಂದಿದ್ದರಿಂದ ಬಿ ಖಾತೆಯನ್ನೂ ಹೇಳಬೇಕು. ಅನುಮೋದನೆಯಿಲ್ಲದ ಬಡಾವಣೆಗಳ ಆಸ್ತಿಗಳನ್ನು ತೆರಿಗೆ ವ್ಯಾಪ್ತಿಗೆ ತರಲು 2025ರಲ್ಲಿ ರಾಜ್ಯದ ನಗರ ಸಂಸ್ಥೆಗಳಲ್ಲಿ ಬಿ ಖಾತೆ ಕೊಡುವ ಅಭಿಯಾನ ನಡೆಯಿತು. ದಲ್ಲಾಳಿಗಳು ಅದನ್ನೇ ತೋರಿಸಿ "ಖಾತೆ ಆಗಿದೆ" ಎನ್ನುತ್ತಾರೆ. ತೆರಿಗೆ ಕಟ್ಟಿಸಿಕೊಳ್ಳುವುದೇ ಬೇರೆ, ಸಕ್ರಮ ಮಾಡುವುದೇ ಬೇರೆ. ಅಕ್ರಮ-ಸಕ್ರಮವೆಂದು ಹಿಂದೆ ಹೊರಟ ಯೋಜನೆ 2017ರಲ್ಲಿ ಸುಪ್ರೀಂ ಕೋರ್ಟಿನ ತಡೆಯಾಜ್ಞೆಗೆ ಸಿಕ್ಕಿದ್ದನ್ನು ನೆನಪಿಡಿ; ಮುಂದೆ ಸಕ್ರಮವಾದೀತೆಂಬ ಭರವಸೆಗೆ ಬೆಲೆ ಕಟ್ಟಿ ಜಾಗ ಕೊಳ್ಳುವ ಸ್ಥಿತಿಯಲ್ಲಿ ನಮ್ಮ ಸಂಘವಿಲ್ಲ.

ನಕ್ಷೆಯಿಂದ ವಿದ್ಯುತ್ತಿನವರೆಗೆ

ಜಾಗ ಸರಿಯಿದ್ದರೆ ಮುಂದಿನದು ಅಷ್ಟು ಕಷ್ಟವಲ್ಲ. ಅಲ್ಲಿನ ಸ್ಥಳೀಯ ಸಂಸ್ಥೆಯಲ್ಲಿ ನೋಂದಾಯಿಸಿಕೊಂಡ ಎಂಜಿನಿಯರ್ ಅಥವಾ ವಾಸ್ತುಶಿಲ್ಪಿ ನಕ್ಷೆ ಬರೆದು ಕಂಪ್ಯೂಟರ್ ಮೂಲಕವೇ ಸಲ್ಲಿಸುತ್ತಾರೆ. ಬೆಂಗಳೂರಿನ ಹೊರಗಿನ ನಗರ ಸಂಸ್ಥೆಗಳಿಗೆ ಎಲ್.ಬಿ.ಪಿ.ಎ.ಎಸ್. ಎಂಬ ವ್ಯವಸ್ಥೆ ಇದ್ದು, ನಕ್ಷೆಯ ಅಳತೆಗಳನ್ನು ಯಂತ್ರವೇ ನಿಯಮದೊಡನೆ ತಾಳೆ ನೋಡುತ್ತದೆ. ಅದು ನೋಡುವುದು ಮುಖ್ಯವಾಗಿ ಮೂರು: ಸುತ್ತ ಬಿಡಬೇಕಾದ ತೆರಪು, ನೆಲವನ್ನು ಎಷ್ಟು ಭಾಗ ಮುಚ್ಚಿದ್ದೀರಿ ಎಂಬುದು, ಮತ್ತು ಎಲ್ಲ ಅಂತಸ್ತು ಸೇರಿ ಒಟ್ಟು ಕಟ್ಟಡದ ವಿಸ್ತೀರ್ಣ ನಿವೇಶನದ ಎಷ್ಟು ಪಟ್ಟು ಎಂಬುದು. ಈ ಕೊನೆಯದನ್ನೇ ಎಫ್.ಎ.ಆರ್. ಎನ್ನುವುದು. 40x60 ಎಂದರೆ 2,400 ಚದರಡಿ, ಉದಾಹರಣೆಗೆ ಎಫ್.ಎ.ಆರ್. ಒಂದೂವರೆ ಎಂದಾದರೆ ಎಲ್ಲ ಮಹಡಿ ಸೇರಿ 3,600 ಚದರಡಿ ಕಟ್ಟಬಹುದು. ನಿಜವಾದ ಪ್ರಮಾಣ ವಲಯ, ರಸ್ತೆಯ ಅಗಲ ಇವುಗಳ ಮೇಲೆ ಹೋಗುತ್ತದೆ.

ಅರ್ಜಿ ಕೊಟ್ಟಾಗ ಸಕಾಲದ ಸ್ವೀಕೃತಿ ಸಂಖ್ಯೆಯನ್ನು ಕೇಳಿ ಪಡೆಯಬೇಕು. 2011ರ ಸಕಾಲ ಕಾಯಿದೆಯಂತೆ ನಿಗದಿತ ದಿನದೊಳಗೆ ಕೆಲಸವಾಗದಿದ್ದರೆ ಮೇಲ್ಮನವಿ ಹಾಕಬಹುದು, ದಿನಕ್ಕೆ 20 ರೂ. ನಂತೆ ಗರಿಷ್ಠ 500 ರೂ. ಪರಿಹಾರವೂ ಉಂಟು. 500 ರೂಪಾಯಿಯಲ್ಲಿ ಈಗ ಒಂದು ಆಳಿನ ದಿನಗೂಲಿಯೂ ಹುಟ್ಟುವುದಿಲ್ಲ. ಆದರೆ ಆ ಸಂಖ್ಯೆ ಕೈಯಲ್ಲಿದ್ದರೆ ಕಡತ ಯಾವ ಮೇಜಿನ ಮೇಲೆ ಮಲಗಿದೆ ಎಂದು ಕೇಳುವ ಹಕ್ಕು ಬರುತ್ತದೆ. ಅರ್ಜಿ ಕೊಟ್ಟ ಸ್ವೀಕೃತಿಯೇ ಪರವಾನಿಗೆಯಲ್ಲ. ಪರವಾನಿಗೆ ಪತ್ರ ಮತ್ತು ಮುದ್ರೆಯಿರುವ ನಕ್ಷೆ ಕೈಸೇರಿದ ಮೇಲೆಯೇ ಗುದ್ದಲಿ ಹಾಕಬೇಕು. ಪತ್ರದಲ್ಲಿ ಅವಧಿ ಬರೆದಿರುತ್ತದೆ, ಸಾಮಾನ್ಯವಾಗಿ ಎರಡು ವರ್ಷ; ಮುಗಿಯುವ ಮುನ್ನ ನವೀಕರಿಸಿಕೊಳ್ಳಬೇಕು.

ಕಟ್ಟುವ ಶುಲ್ಕಗಳಲ್ಲಿ ಸದಸ್ಯರಿಗೆ ಅಪರಿಚಿತವಾದದ್ದು ಕಾರ್ಮಿಕ ಸೆಸ್. ಕೇಂದ್ರ ಕಾಯಿದೆಯಂತೆ ಕಟ್ಟಡದ ಖರ್ಚಿನ ಶೇ. 1. ಗೋದಾಮಿಗೆ 40 ಲಕ್ಷ ರೂ. ಎಂದಾದರೆ 40,000 ರೂ. ಸ್ವಂತ ವಾಸಕ್ಕೆ ಕಟ್ಟುವ, ನಿಗದಿತ ಮೊತ್ತದೊಳಗಿನ ಮನೆಗೆ ಇದು ಇಲ್ಲ. ಹಣ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಗೆ ಹೋಗುತ್ತದೆ. ಗಾರೆಯವನು ಸಾರುವೆಯಿಂದ ಬಿದ್ದರೆ ಅವನ ಮನೆಗೆ ಆಧಾರವಾಗುವ ಹಣ; ಇದರಲ್ಲಿ ಜಿಪುಣತನ ಬೇಡ. ರಸೀದಿ ಬಾರದ ಯಾವ ಹಣವನ್ನೂ ಸಂಘದ ಲೆಕ್ಕದಲ್ಲಿ ನಾನು ಬರೆಯಲಾರೆ, ಆದ್ದರಿಂದ ಕೊಡಲೂ ಆರೆ.

ಕಟ್ಟುವಾಗ ನಕ್ಷೆಯನ್ನು ಮೀರಬಾರದೆಂದು ಎಲ್ಲರಿಗೂ ಗೊತ್ತು, ಮೀರುವವರೂ ಎಲ್ಲರೇ. ಹಿಂದಿನ ತೆರಪಿನಲ್ಲಿ ಒಂದು ಶೀಟಿನ ಇಳಿಮಾಡು, ಪಕ್ಕದಲ್ಲಿ ಹಮಾಲರಿಗೊಂದು ಕೋಣೆ ಎಂದು ಶುರುವಾಗುತ್ತದೆ. ಇದರ ಫಲ ಈಗ ಬೇಗ ಕಾಣಿಸಿಕೊಳ್ಳುತ್ತದೆ. 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟು ಉತ್ತರ ಪ್ರದೇಶದ ಮೀರತ್‌ನ ಒಂದು ಪ್ರಕರಣದಲ್ಲಿ ಕೊಟ್ಟ ತೀರ್ಪು ದೇಶಕ್ಕೆಲ್ಲ ಅನ್ವಯಿಸುವಂತಿತ್ತು: ಕಟ್ಟಡ ನಕ್ಷೆಯಂತೆ ಮುಗಿದು ಸ್ವಾಧೀನಾನುಭವ ಪತ್ರ ಸಿಕ್ಕಿದ ಮೇಲೆಯೇ ವಿದ್ಯುತ್, ನೀರು, ಒಳಚರಂಡಿಯ ಸಂಪರ್ಕ. ಅದರ ಮೇಲೆ 2025ರಲ್ಲಿ ನಮ್ಮ ರಾಜ್ಯದಲ್ಲಿ ಸಾವಿರಾರು ಕಟ್ಟಡಗಳಿಗೆ ವಿದ್ಯುತ್ ಸಂಪರ್ಕ ನಿಂತಿತು. ಆಮೇಲೆ ಸರ್ಕಾರ ರಿಯಾಯಿತಿ ತೋರಿದ್ದು 30x40ರ ಒಳಗಿನ ಸಣ್ಣ ವಾಸದ ಮನೆಗಳಿಗೆ. ಗೋದಾಮು, ಮಳಿಗೆ ಆ ಗುಂಪಿನಲ್ಲಿಲ್ಲ. ಬಳ್ಳಾರಿ ಕಡೆ ವಿದ್ಯುತ್ ಕೊಡುವುದು ಜೆಸ್ಕಾಂ. ಕಾಫಿ ಹುರಿಯುವ ಯಂತ್ರ ತಂದಿಟ್ಟು ವಿದ್ಯುತ್ತಿಲ್ಲದೆ ಕೂತರೆ ನಷ್ಟ ಯಾರದು? ಕಟ್ಟಡ ಕಟ್ಟುವಾಗ ಕೊಡುವ ತಾತ್ಕಾಲಿಕ ಸಂಪರ್ಕದಲ್ಲಿ ವ್ಯಾಪಾರ ನಡೆಸುವುದೂ ಸಲ್ಲದು.

ವ್ಯಾಪಾರದ ಲೈಸೆನ್ಸು

ಕಟ್ಟಡ ಪರವಾನಿಗೆ ಇದ್ದರೆ ವ್ಯಾಪಾರಕ್ಕೂ ಪರವಾನಿಗೆ ಸಿಕ್ಕಿದಂತೆ ಎಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ. ಮೊದಲನೆಯದು ಗೋಡೆ ಎಬ್ಬಿಸಲು. ಅದು ಒಮ್ಮೆಗೆ ಮುಗಿಯುತ್ತದೆ. ಎರಡನೆಯದು ಆ ಗೋಡೆಗಳ ನಡುವೆ ಏನು ಮಾಡುತ್ತೀರಿ ಎಂಬುದಕ್ಕೆ. ಅದನ್ನು ನವೀಕರಿಸುತ್ತಲೇ ಇರಬೇಕು, ಲೆಕ್ಕ ಹಣಕಾಸು ವರ್ಷದ್ದು. ಬಳ್ಳಾರಿ ನಗರದಲ್ಲಿ ಪೌರನಿಗಮಗಳ ಕಾಯಿದೆಯ 353ನೆಯ ಕಲಮು, ಸಿರುಗುಪ್ಪ ಮತ್ತು ಕುರುಗೋಡಿನಲ್ಲಿ ಪುರಸಭೆಗಳ ಕಾಯಿದೆಯ 256ನೆಯ ಕಲಮು. ಬಾಡಿಗೆ ಕಟ್ಟಡದಲ್ಲಿ ಅಂಗಡಿ ಇಟ್ಟರೂ ಇದು ಬೇಕು. ಬಾಡಿಗೆ ಕರಾರು, ಕಟ್ಟಡದ ತೆರಿಗೆ ರಸೀದಿ, ಮಾಲೀಕನ ಒಪ್ಪಿಗೆ ಲಗತ್ತಿಸಬೇಕಾಗುತ್ತದೆ. ಬರಿಯ ಮಾರಾಟವೋ, ಹುರಿದು ಬೀಸುವ ಯಂತ್ರವೂ ಉಂಟೋ ಎಂಬುದನ್ನು ಅರ್ಜಿಯಲ್ಲಿ ಸರಿಯಾಗಿ ಬರೆಯಬೇಕು. ಯಂತ್ರವಿದ್ದರೆ ಶುಲ್ಕ ಬೇರೆ, ಪರಿಸರ ಮಂಡಳಿಯ ವಿಚಾರಣೆಯೂ ಬೇರೆ. "ಸದ್ಯಕ್ಕೆ ಅಂಗಡಿ ಎಂದು ಬರೆಯೋಣ" ಎಂದು ಉಳಿಸಿದ ಹಣ, ಹೊಗೆಯ ವಾಸನೆಯ ಮೇಲೆ ಯಾರಾದರೂ ದೂರು ಕೊಟ್ಟ ದಿನ ಹೋಗುತ್ತದೆ.

ಇದಲ್ಲದೆ ಕಾರ್ಮಿಕ ಇಲಾಖೆಯಲ್ಲಿ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆಯ ನೋಂದಣಿ, ವಹಿವಾಟಿಗೆ ತಕ್ಕಂತೆ ಆಹಾರ ಸುರಕ್ಷತೆಯ ನೋಂದಣಿ ಅಥವಾ ಲೈಸೆನ್ಸು, ಸಂಘದ ಜಿ.ಎಸ್.ಟಿ. ನೋಂದಣಿಯಲ್ಲಿ ಹೊಸ ಜಾಗವನ್ನು ಹೆಚ್ಚುವರಿ ವ್ಯಾಪಾರ ಸ್ಥಳವೆಂದು ಸೇರಿಸುವುದು, ಇವೂ ಇವೆ. ಕೊನೆಯದನ್ನು ಮರೆತರೆ ನಮ್ಮದೇ ಅಡಿಕೆಯನ್ನು ನಮ್ಮದೇ ಗೋದಾಮಿಗೆ ಸಾಗಿಸುವ ಲಾರಿ ದಾರಿಯಲ್ಲಿ ನಿಲ್ಲಬೇಕಾಗುತ್ತದೆ.

ಸ್ವಂತವಾಗಿ ಆ ಕಡೆ ಮನೆ, ಅಂಗಡಿ ಮಾಡುವ ಸದಸ್ಯರಿಗೂ ಈ ಮಾತುಗಳೆಲ್ಲ ಅನ್ವಯಿಸುತ್ತವೆ. ಸಂಘಕ್ಕಾದರೆ ಇನ್ನೊಂದು ಮೆಟ್ಟಲು ಹೆಚ್ಚು: ಮಹಾಸಭೆಯ ಒಪ್ಪಿಗೆ ಮತ್ತು ಸಹಕಾರ ಇಲಾಖೆಯ ಅನುಮತಿಯಿಲ್ಲದೆ ನಿಧಿಯನ್ನು ಕಟ್ಟಡಕ್ಕೆ ತೊಡಗಿಸುವಂತಿಲ್ಲ.

ನನ್ನ ಅಭಿಪ್ರಾಯ ಕೇಳುವವರಿಗೆ ಹೇಳುವುದಾದರೆ, ಮೊದಲ ಎರಡು ವರ್ಷ ವಾಣಿಜ್ಯ ವಲಯದಲ್ಲಿ, ಸ್ವಾಧೀನಾನುಭವ ಪತ್ರವಿರುವ ಬಾಡಿಗೆ ಕಟ್ಟಡವೊಂದನ್ನು ಹಿಡಿದು, ವ್ಯಾಪಾರದ ಲೈಸೆನ್ಸು ಮಾಡಿಸಿ ಮಾಲು ಮಾರಿ ನೋಡೋಣ. ಸಿರುಗುಪ್ಪದ ಮಾಲೀಕರು ತಮ್ಮ ಖರ್ಚಿನಲ್ಲಿ ಪರಿವರ್ತನೆ ಮಾಡಿಸಿಕೊಟ್ಟರೆ ಮಾತ್ರ ಮುಂದುವರಿಯುತ್ತೇವೆಂದು ಪತ್ರ ಬರೆದಿದ್ದೇನೆ. ಉತ್ತರ ಇನ್ನೂ ಬಂದಿಲ್ಲ. ಮಂಡಳಿಯಲ್ಲಿ ನನಗೆ ವಿರುದ್ಧವಾದ ಅಭಿಪ್ರಾಯವೂ ಇದೆ, ಅದನ್ನು ಅವರೇ ಸಭೆಯಲ್ಲಿ ಹೇಳುವರು. ವಾರ್ಷಿಕ ಮಹಾಸಭೆ ಸೆಪ್ಟೆಂಬರ್ 25ರೊಳಗೆ ಆಗಬೇಕು. ಮೂರು ಜಾಗಗಳ ಪಹಣಿ, ಖಾತೆ ನಕಲು, ಋಣಭಾರ ಪತ್ರಗಳು ಮತ್ತು ನಾನು ಮಾಡಿಕೊಂಡ ಟಿಪ್ಪಣಿ ಸಂಘದ ಕಚೇರಿಯಲ್ಲಿ ಅಲ್ಲಿಯವರೆಗೆ ಸದಸ್ಯರು ನೋಡಲು ಇರುತ್ತವೆ. ಸಂತೆಯ ದಿನ ಬಂದರೆ ನಾನೂ ಸಿಗುತ್ತೇನೆ.